ಲಸಿಕೆ ಬೇಡವೆಂದವರು ಪ್ರಯೋಗದಿಂದ ಪಾರಾಗುವರೇ?

2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಯಿತು. ಅದರ ಬೆನ್ನಿಗೇ ಮೊಬೈಲಿನಿಂದ ಮೊಬೈಲಿಗೆ ವದಂತಿಗಳೂ ಹರಡಿದವು. ಅವುಗಳ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು: ‘ನಮ್ಮ ಮಕ್ಕಳನ್ನು ಪ್ರಯೋಗಪಶುಗಳನ್ನಾಗಿ ಮಾಡುತ್ತಿದ್ದಾರೆ.’ ಕೊರೋನಾದ ದಿನಗಳಲ್ಲಿ ಇದೇ ಮಾತು ಮತ್ತೆ ಕೇಳಿಬಂತು. ಇಂದಿಗೂ ನಮ್ಮ ಮೊಹಲ್ಲಾಗಳಲ್ಲಿ ಲಸಿಕೆಯ ಚೀಲ ಹಿಡಿದು ಬರುವ ಆಶಾ ಕಾರ್ಯಕರ್ತೆಯ ಮುಂದೆ ಕೆಲವು ಬಾಗಿಲುಗಳು ಮುಚ್ಚಿಕೊಳ್ಳುವುದು ಈ ಭಯದಿಂದಲೇ.

ಹೀಗೆ ಹೆದರುವವರನ್ನು ಅಜ್ಞಾನಿಗಳೆಂದು ಹೀಗಳೆಯುವುದು ಸುಲಭ. ಆದರೆ ಹೀಗಳೆಯುವುದರಿಂದ ಯಾವ ಮಗುವಿಗೂ ಲಸಿಕೆ ದೊರೆಯುವುದಿಲ್ಲ. ಆದುದರಿಂದ ನಾವು ಈ ಭಯವನ್ನು ಗಂಭೀರವಾಗಿಯೇ ಪರಿಗಣಿಸಿ ಒಂದು ಪ್ರಶ್ನೆಯನ್ನು ಕೇಳಬಯಸುತ್ತೇವೆ. ಹೊಸ ಔಷಧಗಳ ಪ್ರಯೋಗ ನಿಜವಾಗಿಯೂ ಯಾರನ್ನು ಹುಡುಕಿಕೊಂಡು ಹೋಗುತ್ತದೆ? ಲಸಿಕೆ ಹಾಕಿಸಿಕೊಂಡವರನ್ನೋ, ಹಾಕಿಸಿಕೊಳ್ಳದವರನ್ನೋ?

ಉತ್ತರ ತಿಳಿಯಬೇಕಾದರೆ ಔಷಧ ಪ್ರಯೋಗವೊಂದು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಅರಿಯಬೇಕು. ಒಂದು ಕಾಯಿಲೆಗೆ ಹೊಸ ಮಾತ್ರೆ ತಯಾರಾಗಿದೆ ಎಂದಿಟ್ಟುಕೊಳ್ಳೋಣ. ಅದು ಫಲಕಾರಿಯೇ ಎಂದು ತಿಳಿಯಲು ಆ ಕಾಯಿಲೆ ತಗುಲಿದವರನ್ನು ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಹೊಸ ಮಾತ್ರೆ. ಮತ್ತೊಂದಕ್ಕೆ ಈಗಾಗಲೇ ರೂಢಿಯಲ್ಲಿರುವ ಚಿಕಿತ್ಸೆ, ಇಲ್ಲವೇ ಔಷಧದ ಗುಣವಿಲ್ಲದ, ನೋಡಲು ಮಾತ್ರ ಹಾಗೆಯೇ ಕಾಣುವ ಮಾತ್ರೆ. ಇದನ್ನು ಪ್ಲಾಸಿಬೊ ಎನ್ನುತ್ತಾರೆ. ಬಳಿಕ ಎರಡೂ ಗುಂಪುಗಳಲ್ಲಿ ಎಷ್ಟು ಮಂದಿ ಆಸ್ಪತ್ರೆ ಸೇರಿದರು, ಎಷ್ಟು ಮಂದಿ ಸತ್ತರು ಎಂಬುದನ್ನು ಹೋಲಿಸುತ್ತಾರೆ. ಎರಡರ ನಡುವಿನ ಅಂತರವೇ ಔಷಧದ ಯೋಗ್ಯತೆಗೆ ಸಾಕ್ಷಿ.

ಇಲ್ಲೊಂದು ಸರಳ ಲೆಕ್ಕವಿದೆ. ರೋಗ ತಗುಲಿದ ನೂರು ಮಂದಿಯಲ್ಲಿ ಹತ್ತು ಮಂದಿ ಆಸ್ಪತ್ರೆ ಸೇರುತ್ತಾರಾದರೆ, ಅಂತಹ ನೂರು ಪ್ರಕರಣಗಳನ್ನು ಕಾಣಲು ಒಂದು ಸಾವಿರ ರೋಗಿಗಳು ಸಾಕು. ನೂರರಲ್ಲಿ ಒಬ್ಬ ಮಾತ್ರ ಆಸ್ಪತ್ರೆ ಸೇರುವನಾದರೆ, ಅದೇ ನೂರು ಪ್ರಕರಣಗಳಿಗೆ ಹತ್ತು ಸಾವಿರ ರೋಗಿಗಳು ಬೇಕು. ಲಸಿಕೆ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ರೋಗ ತಗುಲುವವರ ಸಂಖ್ಯೆಯನ್ನು ಕಡಿಮೆ ಮಾಡುತ್ತದೆ. ತಗುಲಿದವರಲ್ಲಿಯೂ ರೋಗ ಉಲ್ಬಣಗೊಳ್ಳದಂತೆ ತಡೆಯುತ್ತದೆ. ಪರಿಣಾಮವಾಗಿ ಲಸಿಕೆ ವ್ಯಾಪಕವಾದ ನಾಡಿನಲ್ಲಿ ಸಂಶೋಧಕನಿಗೆ ರೋಗಿಗಳು ಸಿಗುವುದೇ ದುರ್ಲಭ. ಸಿಕ್ಕಿದರೂ, ಅವರು ಔಷಧವಿಲ್ಲದೆಯೇ ಗುಣಮುಖರಾಗಿಬಿಡುವುದರಿಂದ ಅಂತರ ಗೋಚರಿಸುವುದಿಲ್ಲ.

ಕೊರೋನಾ ಕಾಲ ಇದನ್ನು ಕಣ್ಣಮುಂದೆಯೇ ತೋರಿಸಿಕೊಟ್ಟಿತು. ಮೊಲ್ನುಪಿರಾವಿರ್ ಎಂಬ ಮಾತ್ರೆಯ ಮೊದಲ ದೊಡ್ಡ ಪ್ರಯೋಗ 2021ರಲ್ಲಿ ನಡೆಯಿತು. ಅದಕ್ಕೆ ಆರಿಸಿಕೊಂಡದ್ದು ಲಸಿಕೆ ಪಡೆಯದ, ಅಪಾಯದ ಸಂಭವ ಹೆಚ್ಚಿದ್ದ 1,433 ರೋಗಿಗಳನ್ನು. ಪ್ಲಾಸಿಬೊ ಪಡೆದವರಲ್ಲಿ 9.7% ಮಂದಿ ಆಸ್ಪತ್ರೆ ಸೇರಿದರು ಅಥವಾ ಮರಣಹೊಂದಿದರು. ಔಷಧ ಪಡೆದವರಲ್ಲಿ ಈ ಪ್ರಮಾಣ 6.8%. ಅಂತರ ಸ್ಪಷ್ಟವಾಗಿ ಕಂಡಿತು. ಬಳಿಕ ಬ್ರಿಟನ್ನಿನಲ್ಲಿ ಇದೇ ಮಾತ್ರೆಯನ್ನು ‘ಪನೋರಮಿಕ್’ ಎಂಬ ಪ್ರಯೋಗದಲ್ಲಿ ಪರೀಕ್ಷಿಸಿದರು. ಅಲ್ಲಿನ 90%ಕ್ಕೂ ಹೆಚ್ಚು ಮಂದಿ ಕನಿಷ್ಠ ಮೂರು ಡೋಸ್ ಲಸಿಕೆ ಪಡೆದವರಾಗಿದ್ದರು. 25,000ಕ್ಕೂ ಅಧಿಕ ಮಂದಿಯನ್ನು ಸೇರಿಸಿಕೊಂಡರೂ ಎರಡೂ ಗುಂಪುಗಳಲ್ಲಿ ಆಸ್ಪತ್ರೆ ಸೇರಿದವರ ಅಥವಾ ಸತ್ತವರ ಪ್ರಮಾಣ 1%ದ ಆಸುಪಾಸಿನಲ್ಲೇ ನಿಂತಿತು. ಮಾತ್ರೆ ಪಡೆದವರು ಕೆಲವು ದಿನ ಮುಂಚಿತವಾಗಿ ಚೇತರಿಸಿಕೊಂಡರು. ಅದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಪ್ಯಾಕ್ಸ್‌ಲೊವಿಡ್ ಎಂಬ ಇನ್ನೊಂದು ಔಷಧದ ಕಥೆಯೂ ಹಾಗೆಯೇ. ಲಸಿಕೆ ಪಡೆಯದ, ಅಪಾಯದ ಸಂಭವ ಹೆಚ್ಚಿದ್ದ ರೋಗಿಗಳಲ್ಲಿ ಅದು ಆಸ್ಪತ್ರೆವಾಸ ಮತ್ತು ಮರಣವನ್ನು ಸುಮಾರು 89% ಕಡಿಮೆ ಮಾಡಿತು. ಆದರೆ ಲಸಿಕೆ ಪಡೆದವರನ್ನೂ, ಅಪಾಯದ ಸಂಭವ ಕಡಿಮೆಯಿದ್ದವರನ್ನೂ ಒಳಗೊಂಡ ಮತ್ತೊಂದು ಪ್ರಯೋಗಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದನ್ನು ತಯಾರಕ ಸಂಸ್ಥೆ 2022ರ ಜೂನ್‌ನಲ್ಲಿ ನಿಲ್ಲಿಸಿಬಿಟ್ಟಿತು. ಆ ಜನರಲ್ಲಿ ಆಸ್ಪತ್ರೆ ಸೇರುವವರೂ ಸಾಯುವವರೂ ತೀರಾ ವಿರಳವಾಗಿದ್ದುದೇ ಇದಕ್ಕೆ ಕಾರಣ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಗಂಭೀರ ರೋಗದ ಔಷಧ ಪ್ರಯೋಗ ಹುಡುಕಿಕೊಂಡು ಹೋಗುವುದು ರೋಗ ಎಲ್ಲಿ ಉಗ್ರವಾಗಿದೆಯೋ ಅಲ್ಲಿಗೆ. ಅಂದರೆ ಬಹುತೇಕ ಲಸಿಕೆ ತಲುಪದ ಜಾಗಕ್ಕೆ. ‘ಪ್ರಯೋಗಕ್ಕೆ ಒಳಗಾಗಲಾರೆವು’ ಎಂದು ಲಸಿಕೆಯನ್ನು ನಿರಾಕರಿಸುವ ಸಮುದಾಯವು, ತನಗರಿವಿಲ್ಲದೆಯೇ, ಪ್ರಯೋಗಕ್ಕೆ ಬೇಕಾದ ರೋಗಿಗಳನ್ನು ಸಿದ್ಧಪಡಿಸಿಕೊಡುತ್ತದೆ. ಭಯಕ್ಕೆ ಹೆದರಿ ಓಡಿದವನು ಅದರ ಮಡಿಲಿಗೇ ಹೋಗಿ ಬಿದ್ದಂತೆ ಇದು.

ಔಷಧಕ್ಕೆ ಹೇಳಿದ ಈ ಮಾತು ಹೊಸ ಲಸಿಕೆಗಳ ಪರೀಕ್ಷೆಗೂ ಅನ್ವಯಿಸುತ್ತದೆ. ಸ್ವೀಡನ್ ದೇಶವು 1979ರಲ್ಲಿ ನಾಯಿಕೆಮ್ಮಿನ ಹಳೆಯ ಲಸಿಕೆಯನ್ನು, ಅದರ ಪರಿಣಾಮ ಮತ್ತು ಸುರಕ್ಷತೆಯ ಬಗೆಗಿನ ಸಂದೇಹದಿಂದ, ನಿಲ್ಲಿಸಿಬಿಟ್ಟಿತು. ರೋಗ ಮರಳಿ ಬಂತು. ಮುಂದೆ ಹೊಸ ಬಗೆಯ ನಾಯಿಕೆಮ್ಮು ಲಸಿಕೆಗಳನ್ನು ಪರೀಕ್ಷಿಸಬೇಕಾದಾಗ ಸಂಶೋಧಕರು ಆರಿಸಿಕೊಂಡ ನಾಡುಗಳಲ್ಲಿ ಸ್ವೀಡನ್ ಕೂಡ ಒಂದು. ಅಲ್ಲಿ ರೋಗವಿತ್ತು, ಲಸಿಕೆ ಇರಲಿಲ್ಲ. 1992ರಲ್ಲಿ ಆರಂಭವಾದ ಪ್ರಯೋಗವೊಂದರಲ್ಲಿ ಸುಮಾರು 10,000 ಹಸುಳೆಗಳು ಸೇರಿದ್ದವು. ಅವರಲ್ಲಿ ಒಂದು ಗುಂಪಿಗೆ ಗಂಟಲುಮಾರಿ ಮತ್ತು ಧನುರ್ವಾಯುವಿನ ಲಸಿಕೆ ಮಾತ್ರ ದೊರೆಯಿತು, ನಾಯಿಕೆಮ್ಮಿನದು ದೊರೆಯಲಿಲ್ಲ. ನಾಯಿಕೆಮ್ಮಿನ ಲಸಿಕೆ ಎಲ್ಲ ಮಕ್ಕಳಿಗೂ ಸಿಗುತ್ತಿದ್ದ ದೇಶದಲ್ಲಿ ಇಂತಹ ಗುಂಪನ್ನು ಕಟ್ಟುವುದು ಅನೈತಿಕವಾಗುತ್ತಿತ್ತು. ಪ್ರಯೋಗಗಳು ಮುಗಿದವು, ಹೊಸ ಲಸಿಕೆಗಳು ಯಶಸ್ವಿಯಾದವು, 1996ರಲ್ಲಿ ಸ್ವೀಡನ್ ನಾಯಿಕೆಮ್ಮಿನ ಲಸಿಕೆಯನ್ನು ಮತ್ತೆ ಆರಂಭಿಸಿತು.

ಸ್ವೀಡನ್ ಶ್ರೀಮಂತ ರಾಷ್ಟ್ರ. ಅಲ್ಲಿನ ತಂದೆತಾಯಿಗಳು ಓದುಬರಹ ಬಲ್ಲವರು. ಪ್ರಶ್ನೆ ಕೇಳುವ ಶಕ್ತಿಯೂ, ಬೇಡವೆನ್ನುವ ಶಕ್ತಿಯೂ ಅವರಿಗಿತ್ತು. ಇದೇ ಪರಿಸ್ಥಿತಿ ಬಡವರ ಊರಿನಲ್ಲಿ ಎದುರಾದರೆ ಏನಾಗುತ್ತದೆ? ಇದಕ್ಕೆ ಉತ್ತರ ಉತ್ತರ ನೈಜೀರಿಯಾದ ಕಾನೋ ನಗರದಲ್ಲಿದೆ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಆ ನಗರದ ಅನುಭವವನ್ನು ನಮ್ಮ ಸಮುದಾಯ ವಿಶೇಷವಾಗಿ ಅರಿಯಬೇಕಾಗಿದೆ.

ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಹಬ್ಬಿರುವ ಪ್ರದೇಶವನ್ನು ಮೆನಿಂಜೈಟಿಸ್ ಪಟ್ಟಿ ಎನ್ನುತ್ತಾರೆ. ಮೆನಿಂಜೈಟಿಸ್ ಎಂದರೆ ಮಿದುಳನ್ನು ಸುತ್ತುವರಿದ ಪೊರೆಗೆ ತಗುಲುವ ಮಾರಕ ಸೋಂಕು. 1996–97ರಲ್ಲಿ ಆ ಪಟ್ಟಿಯಲ್ಲಿ ಹಬ್ಬಿದ ಪಿಡುಗಿಗೆ 2,50,000ಕ್ಕೂ ಹೆಚ್ಚು ಮಂದಿ ತುತ್ತಾದರು. ಸುಮಾರು 25,000 ಮಂದಿ ಅಸುನೀಗಿದರು. ಅಂದು ಲಭ್ಯವಿದ್ದ ಲಸಿಕೆ ಎಳೆಯ ಮಕ್ಕಳಿಗೆ ಸರಿಯಾಗಿ ನಾಟುತ್ತಿರಲಿಲ್ಲ. ಅದರ ರಕ್ಷಣೆ ಹೆಚ್ಚು ಕಾಲ ಉಳಿಯುತ್ತಲೂ ಇರಲಿಲ್ಲ. ಪಿಡುಗು ಹಬ್ಬಿದ ಮೇಲೆಯೇ ಅದನ್ನು ತರಿಸುತ್ತಿದ್ದರು. ಹೀಗೆ ರಕ್ಷಣೆಯಿಲ್ಲದ ಕಾನೋದ ಆಸ್ಪತ್ರೆ ಮಕ್ಕಳಿಂದ ತುಂಬಿ ತುಳುಕುತ್ತಿದ್ದಾಗ ಫೈಝರ್ ಕಂಪೆನಿಯು ಟ್ರೊವಾಫ್ಲಾಕ್ಸಸಿನ್ ಎಂಬ ತನ್ನ ಹೊಸ ಔಷಧದೊಂದಿಗೆ ಅಲ್ಲಿಗೆ ಬಂತು. 200 ಮಕ್ಕಳನ್ನು ಪ್ರಯೋಗಕ್ಕೆ ಸೇರಿಸಿಕೊಂಡಿತು. ಅರ್ಧದಷ್ಟು ಮಕ್ಕಳಿಗೆ ಹೊಸ ಔಷಧ, ಉಳಿದವರಿಗೆ ಸೆಫ್‌ಟ್ರಿಯಾಕ್ಸೋನ್ ನೀಡಲಾಯಿತು. 11 ಮಕ್ಕಳು ಸತ್ತರು. ಐವರು ಹೊಸ ಔಷಧ ಪಡೆದವರು, ಆರು ಮಂದಿ ಹಳೆಯದನ್ನು ಪಡೆದವರು. ಇದು ಪ್ರಯೋಗವೆಂಬುದು ತಮಗೆ ತಿಳಿದಿರಲಿಲ್ಲ ಎಂದು ಹೆತ್ತವರು ಹೇಳಿದರು. ಬಾಯಿಮಾತಿನ ಸಮ್ಮತಿ ಪಡೆಯಲಾಗಿತ್ತು, ಸಾವಿಗೆ ಕಾರಣ ರೋಗವೇ ಹೊರತು ಔಷಧವಲ್ಲ ಎಂದು ಕಂಪೆನಿ ವಾದಿಸಿತು. ಹಲವು ವರ್ಷಗಳ ವ್ಯಾಜ್ಯದ ನಂತರ 2009ರಲ್ಲಿ 7.5 ಕೋಟಿ ಡಾಲರ್‌ಗಳಿಗೆ ಕಾನೋ ರಾಜ್ಯದೊಂದಿಗೆ ರಾಜಿಯಾಯಿತು. ಕಂಪೆನಿ ತಪ್ಪನ್ನು ಒಪ್ಪಿಕೊಳ್ಳಲಿಲ್ಲ.

ಈ ಗಾಯ ಮಾಯುವ ಮುನ್ನವೇ, 2003ರಲ್ಲಿ, ಕಾನೋ ಮತ್ತೊಂದು ದುರಂತವನ್ನು ಕೈಯಾರೆ ತಂದುಕೊಂಡಿತು. ಪೋಲಿಯೋ ಹನಿಗಳಲ್ಲಿ ಸಂತಾನಶಕ್ತಿಯನ್ನು ಹರಣ ಮಾಡುವ ವಸ್ತುವಿದೆಯೆಂಬ ಸುದ್ದಿ ಹಬ್ಬಿತು. ಕೆಲವು ಧಾರ್ಮಿಕ ಮುಖಂಡರೂ ಅದಕ್ಕೆ ದನಿಗೂಡಿಸಿದರು. ರಾಜ್ಯವು ಪೋಲಿಯೋ ಲಸಿಕೆಯನ್ನು ನಿಲ್ಲಿಸಿತು. 1996ರ ಪ್ರಯೋಗದ ನೆನಪು ಈ ಅಪನಂಬಿಕೆಗೆ ನೀರೆರೆದಿತ್ತು. ಸುಮಾರು ಹನ್ನೊಂದು ತಿಂಗಳ ಬಳಿಕ, ಮುಸ್ಲಿಮ್ ಬಹುಸಂಖ್ಯಾತ ರಾಷ್ಟ್ರವಾದ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ತರಿಸಿ ಅಭಿಯಾನವನ್ನು ಪುನರಾರಂಭಿಸಬೇಕಾಯಿತು. ಆದರೆ ಉತ್ತರ ನೈಜೀರಿಯಾದ ಪೋಲಿಯೋ ವೈರಸ್ಸು, ರೋಗದಿಂದ ಮುಕ್ತವಾಗಿದ್ದ ಹಲವಾರು ದೇಶಗಳನ್ನು ಮತ್ತೆ ತಲುಪಿತು. ಯೆಮನ್ ಅವುಗಳಲ್ಲೊಂದು; ವಿಪರ್ಯಾಸವೆಂದರೆ ಆ ಇಂಡೋನೇಷ್ಯಾವೂ ಒಂದು. ಕಂಪೆನಿಯೊಂದರ ಮೇಲಿನ ಸಿಟ್ಟಿಗೆ ಬೆಲೆ ತೆತ್ತವರು ಆ ಕಂಪೆನಿಯ ಹೆಸರನ್ನೂ ಕೇಳಿರದ ಮಕ್ಕಳು.

ಕಾನೋದ ಜನರ ನೋವು ನ್ಯಾಯವಾದದ್ದು. ಅವರು ತಲುಪಿದ ತೀರ್ಮಾನ ಮಾತ್ರ ತಪ್ಪಾಗಿತ್ತು. 1996ರಲ್ಲಿ ಅವರ ಮಕ್ಕಳನ್ನು ಪ್ರಯೋಗದ ಹಾಸಿಗೆಗೆ ತಂದದ್ದು ಲಸಿಕೆಯಲ್ಲ. ಸರಿಯಾದ ಲಸಿಕೆಯ ಅಭಾವ. ಇದನ್ನು ಮುಂದಿನ ಇತಿಹಾಸವೇ ಪ್ರಮಾಣೀಕರಿಸಿತು.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾಥ್ ಎಂಬ ಸಂಸ್ಥೆಗಳು ಸೇರಿ ಆಫ್ರಿಕಾದ ಈ ಪಿಡುಗಿಗೆಂದೇ ಒಂದು ಲಸಿಕೆಯನ್ನು ರೂಪಿಸಲು ಮುಂದಾದವು. ಅದನ್ನು ತಯಾರಿಸಿಕೊಟ್ಟದ್ದು ನಮ್ಮ ದೇಶದ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್. ಒಂದು ಡೋಸಿಗೆ ಅರ್ಧ ಡಾಲರಿಗಿಂತ ಕಡಿಮೆ ಬೆಲೆ. ಭಾರತದಲ್ಲಿಯೂ, ಮಾಲಿ ಮತ್ತು ಗ್ಯಾಂಬಿಯಾ ದೇಶಗಳಲ್ಲಿಯೂ ಸ್ವಯಂಸೇವಕರು ಅದರ ಪರೀಕ್ಷೆಗೆ ಮುಂದೆ ಬಂದರು. ‘ಮೆನ್‌ಆಫ್ರಿವ್ಯಾಕ್’ ಎಂಬ ಹೆಸರಿನ ಆ ಲಸಿಕೆಯನ್ನು 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಬಿಡುಗಡೆ ಮಾಡಲಾಯಿತು. ಮುಂದಿನ ವರ್ಷಗಳಲ್ಲಿ ಮೂವತ್ತು ಕೋಟಿಗೂ ಹೆಚ್ಚು ಜನರಿಗೆ ಅದು ತಲುಪಿತು. ‘ಎ’ ಗುಂಪಿನ ಮೆನಿಂಜೈಟಿಸ್, ಅಂದರೆ ಆ ನಾಡನ್ನು ಶತಮಾನ ಕಾಲ ಕಾಡಿದ ಮುಖ್ಯ ಬಗೆ, ಆ ಪಟ್ಟಿಯಿಂದ ಬಹುತೇಕ ಕಣ್ಮರೆಯಾಯಿತು. ಇನ್ನುಳಿದ ಬಗೆಗಳನ್ನು ಎದುರಿಸಲು ಐದು ಗುಂಪುಗಳ ವಿರುದ್ಧ ರಕ್ಷಣೆ ನೀಡುವ ಹೊಸ ಲಸಿಕೆಯನ್ನು 2024ರಲ್ಲಿ ಜಗತ್ತಿನಲ್ಲಿಯೇ ಮೊದಲು ಆರಂಭಿಸಿದ ದೇಶ ನೈಜೀರಿಯಾ. ಇಂದು ಯಾವುದಾದರೂ ಕಂಪೆನಿ ‘ಎ’ ಗುಂಪಿನ ಮೆನಿಂಜೈಟಿಸ್‌ಗೆ ಔಷಧ ಹಿಡಿದುಕೊಂಡು ಕಾನೋಗೆ ಹೋದರೆ ಅದಕ್ಕೆ ರೋಗಿಗಳು ಸಿಗಲಾರರು. 1996ರ ಅನ್ಯಾಯ ಆ ರೂಪದಲ್ಲಿ ಮರುಕಳಿಸದಂತೆ ತಡೆದದ್ದು ನ್ಯಾಯಾಲಯದ ರಾಜಿಗಿಂತ ಹೆಚ್ಚಾಗಿ ಈ ಲಸಿಕೆಯೇ ಎಂಬುದು ನಮ್ಮ ಅಭಿಪ್ರಾಯ.

ಇದೇ ಕಾಯಿಲೆಯ ಲಸಿಕೆಯನ್ನು ನಮ್ಮ ಹಿರಿಯರು ಹಜ್ಜ್ ಯಾತ್ರೆಗೆ ಹೊರಡುವ ಮುನ್ನ ಕಡ್ಡಾಯವಾಗಿ ಹಾಕಿಸಿಕೊಳ್ಳುತ್ತಾರೆ. 1987ರ ಹಜ್ಜ್ ವೇಳೆ ಮೆನಿಂಜೈಟಿಸ್ ಹಬ್ಬಿದ ಬಳಿಕ ಸೌದಿ ಸರಕಾರ ಯಾತ್ರಿಗಳಿಗೆ ಇದನ್ನು ವಿಧಿಸಿತು. ಹಜ್ಜ್ ಶಿಬಿರದಲ್ಲಿ ಸರತಿಯಲ್ಲಿ ನಿಂತು ತೋಳು ಒಡ್ಡುವ ಹಾಜಿಗಳು ಅದನ್ನು ಪ್ರಯೋಗವೆಂದು ಭಾವಿಸಿ ಹಿಂದಿರುಗುವುದಿಲ್ಲ. ಅಜ್ಜನ ತೋಳಿಗೆ ಸಲ್ಲುವ ಸೂಜಿ ಮೊಮ್ಮಗನ ತೋಳಿಗೇಕೆ ಸಲ್ಲದು?

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಲಸಿಕೆಯಿಂದ ರೋಗಿಗಳೇ ಸಿಗದಂತಾದರೆ ಔಷಧ ಸಂಶೋಧನೆ ಕುಂಠಿತವಾಗುವುದಿಲ್ಲವೇ ಎಂಬುದು ಮೊದಲನೆಯದು. ಒಂದು ಮಟ್ಟಿಗೆ ನಿಜ. ಲಸಿಕೆ ಪಡೆದರೂ ದೇಹದ ರೋಗನಿರೋಧಕ ಶಕ್ತಿ ಕುಂದಿದವರು ಇರುತ್ತಾರೆ: ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು, ವಯೋವೃದ್ಧರು. ಅವರಿಗೆ ಔಷಧ ಬೇಕು. ಆ ಔಷಧಕ್ಕೆ ಸಾಕ್ಷಿಯೂ ಬೇಕು. ಆದರೆ ಸಾಕ್ಷಿಗಾಗಿ ರೋಗವನ್ನು ಉಳಿಸಿಕೊಳ್ಳಬೇಕೆಂದು ಯಾವ ವಿವೇಕಿಯೂ ಹೇಳಲಾರ. ಅದಕ್ಕೆ ಬೇರೆ ದಾರಿಗಳಿವೆ. ಅನೇಕ ಊರುಗಳ ಆಸ್ಪತ್ರೆಗಳು ಒಂದಾಗಿ ಒಂದೇ ದೊಡ್ಡ ಪ್ರಯೋಗವನ್ನು ನಡೆಸುವುದು ಒಂದು ದಾರಿ. ಬ್ರಿಟನ್ನಿನ ಪ್ರಯೋಗದಲ್ಲಿ ರೋಗಿಗಳ ಮನೆಗೇ ಔಷಧ ಕಳುಹಿಸಿ ದೇಶದಾದ್ಯಂತದಿಂದ ಜನರನ್ನು ಸೇರಿಸಿಕೊಂಡಂತೆ ಮಾಡುವುದು ಇನ್ನೊಂದು. ಜೊತೆಗೆ, ಪ್ರಯೋಗದ ಫಲಿತಾಂಶವನ್ನು ಪ್ರಕಟಿಸುವಾಗ ಅದರಲ್ಲಿದ್ದವರು ಲಸಿಕೆ ಪಡೆದವರೇ ಅಲ್ಲವೇ ಎಂಬುದನ್ನು ಸ್ಪಷ್ಟವಾಗಿ ಹೇಳುವುದು ಪ್ರಾಮಾಣಿಕತೆಯ ಲಕ್ಷಣ. ಲಸಿಕೆಯಿಲ್ಲದವರಲ್ಲಿ ಕಂಡ ಲಾಭವನ್ನು ಲಸಿಕೆ ಪಡೆದವರಿಗೂ ಅದೇ ಪ್ರಮಾಣದಲ್ಲಿ ಆರೋಪಿಸಿ ದುಬಾರಿ ಮಾತ್ರೆಗಳನ್ನು ಮಾರುವುದು ತೂಕದಲ್ಲಿ ಮೋಸ ಮಾಡಿದಂತೆ.

ಎರಡನೆಯ ಆಕ್ಷೇಪ ಹೆಚ್ಚು ತೀಕ್ಷ್ಣವಾದದ್ದು. ಲಸಿಕೆಯ ಹೆಸರಿನಲ್ಲಿಯೇ ಬಡವರ ಸಮ್ಮತಿಯನ್ನು ಕಡೆಗಣಿಸಿದ ಉದಾಹರಣೆ ನಮ್ಮ ದೇಶದಲ್ಲೇ ಇಲ್ಲವೇ? ಇದೆ. 2009–10ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಸಾವಿರಾರು ಹೆಣ್ಣುಮಕ್ಕಳಿಗೆ ನೀಡಿದಾಗ ಅನೇಕರ ಸಮ್ಮತಿಪತ್ರಕ್ಕೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸದೀಯ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಅಲ್ಲಿ ವರದಿಯಾದ ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ವಿಚಾರಣೆ ತೀರ್ಮಾನಿಸಿತಾದರೂ ಸಮ್ಮತಿಯ ವಿಷಯದಲ್ಲಿ ಆದ ಅನ್ಯಾಯ ಅನ್ಯಾಯವೇ. ಆ ಲಸಿಕೆ ಒಳ್ಳೆಯದು, ಅದನ್ನು ಕೊಟ್ಟ ರೀತಿ ಕೆಟ್ಟದ್ದು. ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲ ವಿವೇಚನೆ ನಮಗೆ ಬೇಕು. ಕಲಬೆರಕೆಯ ವ್ಯಾಪಾರಿಯನ್ನು ದಂಡಿಸಬೇಕೇ ಹೊರತು ಅನ್ನವನ್ನೇ ತೊರೆಯಬಾರದು.

ಸಂದೇಹವೆಂಬುದು ಪಾಪವಲ್ಲ. ಅದನ್ನು ಎಲ್ಲಿ ಇಟ್ಟು ಕೇಳಬೇಕೋ ಅಲ್ಲಿ ಕೇಳಬೇಕು. ಬಾಲ್ಯದ ನಿಯಮಿತ ಲಸಿಕೆಗಳು ಕೋಟ್ಯಂತರ ಮಕ್ಕಳ ಮೇಲೆ ದಶಕಗಳಿಂದ ಸಾಬೀತಾದವು. ಅಲ್ಲಿ ಬಾಗಿಲು ತೆರೆಯಬೇಕು. ಪ್ರಶ್ನೆ ಕೇಳಬೇಕಾದದ್ದು ಆಸ್ಪತ್ರೆಯಲ್ಲಿ ಯಾರಾದರೂ ಹೊಸ ಔಷಧದ ಕಾಗದವನ್ನು ಮುಂದಿಟ್ಟು ಸಹಿ ಹಾಕಿರೆಂದಾಗ. ಇದು ಪ್ರಯೋಗವೇ? ಪ್ರಯೋಗಕ್ಕೆ ಒಪ್ಪದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ನಡುವೆ ಬಿಟ್ಟುಬಿಡಬಹುದೇ? ಹಾನಿಯಾದರೆ ಹೊಣೆ ಯಾರದು? ಇವು ರೋಗಿಯ ಹಕ್ಕಿನ ಪ್ರಶ್ನೆಗಳು. 2009ರ ಜೂನ್‌ನಿಂದ ನಮ್ಮ ದೇಶದಲ್ಲಿ ಇಂತಹ ಪ್ರಯೋಗಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯ. 2019ರ ಹೊಸ ನಿಯಮಗಳ ಪ್ರಕಾರ ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಸಮ್ಮತಿ ಪಡೆಯಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ನೀಡಬೇಕು.

ಅದೇ ನಿಯಮಗಳಲ್ಲಿ ನಮ್ಮ ಉಲಮಾಗಳು ಗಮನಿಸಬೇಕಾದ ಒಂದು ಅಂಶವಿದೆ. ಪ್ರತಿಯೊಂದು ಪ್ರಯೋಗಕ್ಕೂ ಅನುಮತಿ ನೀಡುವ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಜನಸಾಮಾನ್ಯರ ಪ್ರತಿನಿಧಿಯೊಬ್ಬರು, ಮಹಿಳೆಯೊಬ್ಬರು ಇರಬೇಕು. ಸಮಾಜವಿಜ್ಞಾನಿ, ನೀತಿತಜ್ಞ, ಧರ್ಮಶಾಸ್ತ್ರಜ್ಞ ಮೊದಲಾದವರಲ್ಲಿ ಒಬ್ಬರಿಗೂ ಅಲ್ಲಿ ಸ್ಥಾನವಿದೆ. ಧರ್ಮಶಾಸ್ತ್ರಜ್ಞನೆಂಬ ಪದ ಕಾನೂನಿನಲ್ಲಿಯೇ ಇದೆ. ಆ ಕುರ್ಚಿಯಲ್ಲಿ ಕುಳಿತು, ‘ಈ ಕಾಗದ ನಮ್ಮ ಊರಿನ ಬೀಡಿ ಕಟ್ಟುವ ತಾಯಿಗೆ ಅರ್ಥವಾಗುತ್ತದೆಯೇ? ಈ ಮಕ್ಕಳಿಗೆ ಲಸಿಕೆ ಮೊದಲೇ ಏಕೆ ಸಿಗಲಿಲ್ಲ?’ ಎಂದು ಕೇಳಬಲ್ಲ ಆಲಿಮರು ನಮ್ಮಲ್ಲಿ ಎಷ್ಟು ಮಂದಿ? ಮದ್ರಸಾಗಳಲ್ಲಿ ಅಮಾನತ್ತಿನ ಪಾಠ ಹೇಳುವ ನಾವು, ಮನುಷ್ಯನ ಶರೀರವೂ ಒಂದು ಅಮಾನತ್ತು ಎಂಬುದನ್ನು ಆ ಸಭೆಗಳಿಗೂ ತಲುಪಿಸಬೇಡವೇ?

ನಮ್ಮ ಜಮಾಅತ್‌ಗಳು ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಲಸಿಕೆಯ ದಿನ ಯಾವುದೆಂದು ಜುಮಾದ ಖುತ್ಬಾದ ಬಳಿಕ ಪ್ರಕಟಿಸಲಿ. ಮಸೀದಿಯ ಅಂಗಳದಲ್ಲಿಯೇ ಶಿಬಿರಕ್ಕೆ ಎಡೆಮಾಡಿಕೊಡಲಿ. ಮದ್ರಸಾಕ್ಕೆ ಮಗುವನ್ನು ಸೇರಿಸುವಾಗ ತಾಯಿ ಕಾರ್ಡನ್ನು ಒಮ್ಮೆ ನೋಡಿ, ಬಿಟ್ಟುಹೋದ ಲಸಿಕೆಯಿದ್ದರೆ ಹೆತ್ತವರಿಗೆ ತಿಳಿಸಲಿ. ವದಂತಿಯನ್ನು ಮುಂದಕ್ಕೆ ಕಳುಹಿಸುವ ಮುನ್ನ ಊರಿನ ಒಬ್ಬ ವೈದ್ಯರನ್ನಾದರೂ ಕೇಳಲಿ. ನೋಂದಾಯಿತ, ನ್ಯಾಯಯುತವಾದ ಪ್ರಯೋಗವೊಂದಕ್ಕೆ ಯಾರಾದರೂ ತಿಳಿದು, ಒಪ್ಪಿ, ಪರರ ಹಿತಕ್ಕಾಗಿ ಸೇರುವುದಾದರೆ ಅದನ್ನು ಸತ್ಕಾರ್ಯವೆಂದೇ ಗೌರವಿಸಲಿ. ಪುಣೆಯ ಲಸಿಕೆಗೆ ತಮ್ಮ ತೋಳು ಒಡ್ಡಿದ ಭಾರತದ, ಮಾಲಿಯ, ಗ್ಯಾಂಬಿಯಾದ ಹೆಸರಿಲ್ಲದ ಸ್ವಯಂಸೇವಕರಿಂದಲೇ ಕೋಟ್ಯಂತರ ಮಕ್ಕಳು ಇಂದು ಮೆನಿಂಜೈಟಿಸ್‌ನಿಂದ ಸುರಕ್ಷಿತರಾಗಿದ್ದಾರೆ.

ತಿಳಿದು ಸೇರುವುದು ಬೇರೆ. ಗತಿಯಿಲ್ಲದೆ ಸಿಕ್ಕಿಬೀಳುವುದು ಬೇರೆ. ಲಸಿಕೆ ಪಡೆದು ಆರೋಗ್ಯವಾಗಿರುವ ಮನೆಯವರಿಗೆ ಮಾತ್ರ ಮೊದಲನೆಯದನ್ನು ಆರಿಸಿಕೊಳ್ಳುವ ಬಿಡುವು ಇರುತ್ತದೆ. ಉಸಿರಿಗಾಗಿ ಏದುಸಿರು ಬಿಡುತ್ತಿರುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ ಕಾಗದ ಓದಿ ಸಹಿ ಹಾಕುವುದಿಲ್ಲ. ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ನಮ್ಮ ಯಾವ ತಾಯಿಗೂ ಆ ಸ್ಥಿತಿ ಬಾರದಿರಲಿ ಎಂದು ಹಾರೈಸುವವರು ಮುಂದಿನ ಬಾರಿ ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದಾಗ ತೆರೆಯಲಿ.